ಅಧ್ಯಕ್ಷರ ಖಾಸಗಿ ಬದುಕು ಮತ್ತು ಪತ್ರಿಕೆಗಳು

ಮಾನ್ಯ ಸಂಪಾದಕರೇ,

ಅಮೆರಿಕದ ಪತ್ರಿಕೆಗಳು ಹಿಂದೆಲ್ಲ ರಾಜಕಾರಣಿಗಳ ಖಾಸಗಿ ಬದುಕಿನ ತಂಟೆಗೆ ಹೋಗುತ್ತಿರಲಿಲ್ಲ, ಈಚೆಗಷ್ಟೇ ಕೆಟ್ಟವು ಎಂಬ ಮಾತನ್ನು ಆಗಾಗ ಓದುತ್ತೇವೆ. ಅದು ನಿಜವಲ್ಲ. ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರಿಗೆ ತಮ್ಮ ಗುಲಾಮಗಿರಿಯಲ್ಲಿದ್ದ ಸ್ಯಾಲಿ ಹೆಮಿಂಗ್ಸ್ ಅವರಲ್ಲಿ ಮಕ್ಕಳಾಗಿದ್ದಾರೆಂದು ಜೇಮ್ಸ್ ಕ್ಯಾಲೆಂಡರ್ ಎಂಬ ಪತ್ರಕರ್ತರು 1802ರಲ್ಲೇ ಬರೆದಿದ್ದರು. 1884ರ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಅಭ್ಯರ್ಥಿ ಗ್ರೋವರ್ ಕ್ಲೀವ್‌ಲೆಂಡ್ ಅವರ ಮದುವೆಯಾಚೆಗಿನ ಮಗುವಿನ ವಿಷಯವನ್ನು ಬಫಲೋದ ಪತ್ರಿಕೆಯೊಂದು ಬಯಲಿಗೆಳೆಯಿತು; ಆದರೂ ಅವರು ಗೆದ್ದರು.

ನನ್ನನ್ನು ಹೆಚ್ಚು ಕಾಡುವುದು ಅದೇ ಕ್ಲೀವ್‌ಲೆಂಡ್ ಅವರ ಇನ್ನೊಂದು ಪ್ರಸಂಗ. ದೇಶ ಆರ್ಥಿಕ ಮುಗ್ಗಟ್ಟಿನಲ್ಲಿದ್ದಾಗ, 1893ರ ಜುಲೈ 1ರಂದು, ಒನೈಡಾ ಎಂಬ ವಿಹಾರನೌಕೆಯಲ್ಲಿ ವೈದ್ಯರು ಗುಟ್ಟಾಗಿ ಅವರ ಮೇಲ್ದವಡೆಯ ಗಡ್ಡೆಯನ್ನು ಕತ್ತರಿಸಿ ತೆಗೆದರು. ಮುಂದೆ ಆ ಜಾಗಕ್ಕೆ ರಬ್ಬರಿನ ತುಂಡನ್ನು ಕೂಡಿಸಿದ್ದರಿಂದ ಮಾತು ಸಹಜವಾಗಿಯೇ ಕೇಳುತ್ತಿತ್ತು. ಎರಡು ತಿಂಗಳೊಳಗೆ ಫಿಲಡೆಲ್ಫಿಯಾ ಪ್ರೆಸ್ ಪತ್ರಿಕೆಯಲ್ಲಿ ಇ. ಜೆ. ಎಡ್ವರ್ಡ್ಸ್ ಇದನ್ನು ವಿವರವಾಗಿ ಬರೆದಾಗ, ಅಧ್ಯಕ್ಷರ ಕಡೆಯವರು ಅದು ಬರೀ ಹಲ್ಲಿನ ತೊಂದರೆ ಎಂದರು. ಬೇರೆ ಪತ್ರಿಕೆಗಳು ಎಡ್ವರ್ಡ್ಸ್ ಅವರನ್ನೇ ಸುಳ್ಳುಗಾರರೆಂದು ಜರೆದವು. ಶಸ್ತ್ರಚಿಕಿತ್ಸೆಯಲ್ಲಿ ಭಾಗಿಯಾಗಿದ್ದ ಡಾ. ವಿಲಿಯಂ ಕೀನ್ 1917ರಲ್ಲಿ ನಡೆದದ್ದನ್ನು ಬರೆದ ಮೇಲಷ್ಟೇ ಆ ಕಳಂಕ ತೊಳೆದುಹೋಯಿತು.

1987ರಲ್ಲಿ ಮಯಾಮಿ ಹೆರಾಲ್ಡ್ ವರದಿಗಾರರು ಅಧ್ಯಕ್ಷ ಪದವಿಯ ಆಕಾಂಕ್ಷಿ ಗ್ಯಾರಿ ಹಾರ್ಟ್ ಅವರ ಮನೆಯೆದುರು ಕಾದು ಕುಳಿತು, ಅವರ ಪರಸ್ತ್ರೀ ಸಂಬಂಧದ ಶಂಕೆಯ ಬಗ್ಗೆ ಮಾಡಿದ ವರದಿ ವಾರದೊಳಗೆ ಅವರನ್ನು ಅಧ್ಯಕ್ಷ ಸ್ಪರ್ಧೆಯಿಂದ ಹಿಂದೆ ಸರಿಸಿತು. ಇದನ್ನೇ ಮತ್ತೆ ಮತ್ತೆ ಉದಾಹರಿಸುವವರು, ಜನರಿಗೆ ತಿಳಿಯಲೇಬೇಕಾದ ಆಳುವವರ ಆರೋಗ್ಯದ ಸಂಗತಿಯನ್ನು ಬರೆದು ಬೈಗುಳ ತಿಂದ ಎಡ್ವರ್ಡ್ಸ್ ಅವರನ್ನೂ ನೆನೆಯಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗ, ಧಾರವಾಡ