ಮನೆ ಕೊಳ್ಳಲು ಹೊರಟ ಮಗಳಿಗೆ

ಪುಟ್ಟೀ,

ಮೊನ್ನೆ ಫೋನಿನಲ್ಲಿ ಆದ ಮಾತನ್ನು ಮತ್ತೆ ಎತ್ತುವುದಿಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಮನೆ ಖರೀದಿಯ ಕಾನೂನು ಕೆಲಸ ನನ್ನ ವೃತ್ತಿಯೇ ಆದರೂ ನಿನ್ನ ಫ್ಲ್ಯಾಟಿನ ಫೈಲು ನಾನು ಹಿಡಿಯುವುದಿಲ್ಲ ಅಂದದ್ದು ಹಟಕ್ಕಲ್ಲ. ಫೈಲು ನೋಡುವವರ ಮನೆಯವರೇ ಸಾಲಗಾರರಾಗಿದ್ದರೆ ಅವರು ಬ್ಯಾಂಕಿನ ಪರವಾಗಿ ಕೆಲಸ ಮಾಡುವಂತಿಲ್ಲ ಅಂತ ಬ್ಯಾಂಕುಗಳ ಕೈಪಿಡಿಯಲ್ಲೇ ಇದೆ. ಜೊತೆಗೆ ಡಿಪಾಸಿಟ್ಟಿಗೆ ನಾವೂ ದುಡ್ಡು ಕೊಡುತ್ತಿದ್ದೇವೆ. ಕೊಡುವವರ ಹಿತ, ಕೊಳ್ಳುವವಳ ಹಿತ ಎರಡನ್ನೂ ಒಬ್ಬಳೇ ಕಾಯುವುದು ಸರಿಯಲ್ಲ. ಇದನ್ನೇ ಅವತ್ತು ಸಮಾಧಾನವಾಗಿ ಹೇಳಬಹುದಿತ್ತು, ಖಾರವಾಗಿ ಹೇಳಿಬಿಟ್ಟೆ. ಕ್ಷಮಿಸು.

ಎಸ್ಟೇಟ್ ಏಜೆಂಟ್ ತನ್ನ ಸಾಲಿಸಿಟರ್ (ಖರೀದಿಯ ಕಾಗದಪತ್ರ ನೋಡುವ ವಕೀಲರು) ಹೆಸರು ಕೊಟ್ಟಿದ್ದಾನೆ ಅಂದೆ. ಆ ಶಿಫಾರಸಿಗೆ ಅವನಿಗೆ ಕಮಿಷನ್ ಬರುತ್ತಿದ್ದರೆ ಅದನ್ನು ನಿನಗೆ ತಿಳಿಸಲೇಬೇಕು, ಕೇಳು. ಅವರನ್ನೇ ಇಟ್ಟುಕೊಂಡರೆ ಮಾತ್ರ ಆಫರ್ ಮುಂದಕ್ಕೆ ಹೋಗುತ್ತದೆ ಅಂತ ಒತ್ತಾಯಿಸಲು ಅವನಿಗೆ ಹಕ್ಕಿಲ್ಲ. ಬೇರೆ ಎರಡು ಮೂರು ಕಡೆ ಕೊಟೇಶನ್ ತೆಗೆದುಕೊ. ಒಟ್ಟು ಮೊತ್ತ ನೋಡಿ ಹಿಗ್ಗಬೇಡ, ಒಡೆದು ಬರೆಸಿಕೊ: ಅವರ ಫೀಸು, ಅದರ ಮೇಲೆ 20% ವ್ಯಾಟ್, ಲೀಸ್‌ಹೋಲ್ಡಿಗೆ (ನೆಲ ಬೇರೆಯವರದು, ಇಷ್ಟು ವರ್ಷಕ್ಕೆ ಅಂತ ಫ್ಲ್ಯಾಟಿನ ಹಕ್ಕು ಮಾತ್ರ ನಿನ್ನದು) ಹೆಚ್ಚುವರಿ, ನಾವು ಕೊಡುವ ಉಡುಗೊರೆ ದುಡ್ಡಿನ ತಪಾಸಣೆಗೆ ಎಷ್ಟು, ಸರ್ಚುಗಳಿಗೆ (ಜಾಗದ ಬಗ್ಗೆ ದಾಖಲೆಗಳ ವಿಚಾರಣೆ), ಲ್ಯಾಂಡ್ ರಿಜಿಸ್ಟ್ರಿಗೆ (ಆಸ್ತಿ ನೋಂದಣಿ ಕಚೇರಿ) ಎಷ್ಟು. ಅಗ್ಗ ಅಂತ ಕಾಣುವ ಕೊಟೇಶನ್‌ಗಳಲ್ಲಿ ಲೀಸ್‌ಹೋಲ್ಡಿನದೂ ಉಡುಗೊರೆಯದೂ ಮೊದಲು ಕಾಣುವುದೇ ಇಲ್ಲ, ಕೊನೆಯ ಬಿಲ್ಲಿನಲ್ಲಿ ಬರುತ್ತವೆ.

ನಿನ್ನ ಬ್ಯಾಂಕಿನ ಪ್ಯಾನೆಲ್‌ನಲ್ಲಿ (ಬ್ಯಾಂಕು ಒಪ್ಪಿದ ವಕೀಲರ ಪಟ್ಟಿ) ಇದ್ದಾರಾ ಅಂತ ಮೊದಲೇ ಕೇಳು, ಇಲ್ಲದಿದ್ದರೆ ಬ್ಯಾಂಕಿಗೆ ಬೇರೆ ವಕೀಲರು, ಅವರ ಫೀಸೂ ನಿನ್ನ ತಲೆಗೇ. ಇನ್ನೊಂದು ಪ್ರಶ್ನೆ ಬಹಳ ಜನ ಕೇಳುವುದೇ ಇಲ್ಲ: 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆಗೆ ಬರುವ ಫ್ಲ್ಯಾಟುಗಳ ಕೆಲಸ ತೆಗೆದುಕೊಳ್ಳುತ್ತೀರಾ? ನೀನು ನೋಡಿರುವುದು ಮ್ಯಾಂಚೆಸ್ಟರಿನ ಎಂಟು ಅಂತಸ್ತಿನ ಕಟ್ಟಡ. 11 ಮೀಟರ್ ಅಥವಾ ಐದು ಅಂತಸ್ತು ಮುಟ್ಟಿದ ಕಟ್ಟಡಗಳ ಫೈಲನ್ನು ಕೆಲವು ಕಚೇರಿಗಳು ಮುಟ್ಟುವುದೇ ಇಲ್ಲ, ಅದು ಗೊತ್ತಾಗುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಸಾಲಿಸಿಟರ್ ಆದರೆ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಪಟ್ಟಿಯಲ್ಲಿ, ಲೈಸೆನ್ಸ್ಡ್ ಕನ್ವೇಯನ್ಸರ್ (ಆಸ್ತಿ ಖರೀದಿಯ ಕೆಲಸಕ್ಕೇ ಪರವಾನಗಿ ಪಡೆದವರು) ಆದರೆ ಅವರ ಕೌನ್ಸಿಲ್ಲಿನ ಪಟ್ಟಿಯಲ್ಲಿ ಹೆಸರಿದೆಯಾ ನೋಡು. ಇಬ್ಬರಲ್ಲಿ ಯಾರಾದರೂ ಸರಿ. ಫೈಲು ಯಾರ ಕೈಯಲ್ಲಿ, ಅವರು ರಜೆ ಹಾಕಿದರೆ ಯಾರು ನೋಡುತ್ತಾರೆ ಅನ್ನುವುದಂತೂ ಬರಹದಲ್ಲಿ ಬೇಕು.

ಈಗ ನನಗೆ ನಿದ್ದೆ ಕೆಡಿಸುವ ವಿಷಯ. ಫೈಲು ತೆರೆದ ದಿನವೇ ಅವರ ಬ್ಯಾಂಕ್ ಖಾತೆ ವಿವರವನ್ನು ಕಾಗದದಲ್ಲಿ ಅಥವಾ ಎದುರಿಗೇ ತೆಗೆದುಕೊ. ಆಮೇಲೆ "ನಮ್ಮ ಖಾತೆ ಬದಲಾಗಿದೆ" ಅಂತ ಇಮೇಲ್ ಬಂದರೆ ಅದು ಕಳ್ಳರದು ಅಂತಲೇ ತಿಳಿ. ಅವರು ಮೇಲ್ ಬಾಕ್ಸಿನೊಳಗೆ ಸದ್ದಿಲ್ಲದೆ ಕೂತು, ಡಿಪಾಸಿಟ್ ಕಳಿಸುವ ದಿನ ಯಾವುದು ಅಂತ ಓದಿಕೊಂಡೇ ಬರೆಯುತ್ತಾರೆ. ಅದೇ ಸಹಿ, ಅದೇ ಲೋಗೋ, ಅದೇ ಫೈಲ್ ನಂಬರು. ವಿಳಾಸದಲ್ಲಿ ಒಂದು ಅಕ್ಷರ ಮಾತ್ರ ಬೇರೆ. ಮೊಬೈಲಿನಲ್ಲಿ ವಿಳಾಸ ಪೂರ್ತಿ ಕಾಣುವುದೂ ಇಲ್ಲ, ಹೆಸರಷ್ಟೇ ಕಾಣುತ್ತದೆ. ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡ, ಅಲ್ಲಿ ಎತ್ತುವವರೂ ಅವರೇ. ಮೊದಲ ಕಾಗದದಲ್ಲಿದ್ದ ನಂಬರಿಗೆ ಮಾಡು. ಮೊದಲು 1 ಪೌಂಡ್ ಕಳಿಸು, ಬಂತು ಅಂತ ಅವರ ಬಾಯಿಂದ ಕೇಳಿಕೊ, ಆಮೇಲೆ ಉಳಿದದ್ದು. ಖಾತೆ ಹೆಸರು ಹೊಂದುತ್ತಿಲ್ಲ ಅಂತ ಬ್ಯಾಂಕಿನ ಆ್ಯಪ್ ಎಚ್ಚರಿಸಿದರೆ ಅಲ್ಲೇ ನಿಲ್ಲು.

2024ರ ಅಕ್ಟೋಬರಿನಿಂದ ಇಂಥ ಮೋಸಕ್ಕೆ ಬ್ಯಾಂಕು 85,000 ಪೌಂಡ್‌ವರೆಗೆ ಹಿಂದಿರುಗಿಸಬೇಕು ಅಂತ ನಿಯಮ ಬಂದಿದೆ, ನಿಜ. ಆದರೆ ಆ ದುಡ್ಡು ಬರುವಷ್ಟರಲ್ಲಿ ಮಾರುವವರು ಕಾಯಬೇಕಲ್ಲ? ನೀನು ಆರು ವರ್ಷ ಒಂದೊಂದು ಪೌಂಡ್ ಕೂಡಿಟ್ಟದ್ದು. ನಮ್ಮ ಕೈ ನೋಡದೆ ಇಷ್ಟು ಮಾಡಿದ್ದೀಯ ಅಂತ ನಿನ್ನ ಅಪ್ಪ ಕಂಡವರಿಗೆಲ್ಲ ಹೇಳಿಕೊಂಡು ಓಡಾಡುತ್ತಾರೆ. ಅದಕ್ಕೇ ಮತ್ತೆ ಹೇಳುತ್ತೇನೆ, ಖಾತೆ ನಂಬರು ಫೋನಿನಲ್ಲಿ ಓದಿಸಿಕೊ.

ಅಪ್ಪ ಕೊಡುವ ದುಡ್ಡಿನಲ್ಲಿ ಮೈಸೂರಿನ ಎಫ್‌ಡಿ ಮುರಿಸಿದ್ದೂ ಇದೆ. ಎಫ್‌ಡಿ ರಸೀದಿ, ಮುರಿಸಿದಾಗಿನ ಬ್ಯಾಂಕಿನ ಪತ್ರ, ಇಲ್ಲಿಗೆ ಕಳಿಸಿದ ದಾಖಲೆ, ನಮ್ಮ ಪಾಸ್‌ಪೋರ್ಟು ಎಲ್ಲ ಕೇಳುತ್ತಾರೆ. ಅದು ಅನುಮಾನವಲ್ಲ, ಹಣದ ಮೂಲ ನೋಡುವುದು ಕಾನೂನು. "ಇದು ಸಾಲವಲ್ಲ, ಮನೆಯಲ್ಲಿ ನಮಗೆ ಪಾಲು ಬೇಡ" ಅಂತ ನಾವು ಸಹಿ ಹಾಕಿಕೊಡುತ್ತೇವೆ.

ಇದಕ್ಕಿಂತ ದೊಡ್ಡದು ಅಜ್ಜನ ವಿಲ್. ಮೈಸೂರಿನ ಮನೆಯಲ್ಲಿ ಮೂರನೇ ಒಂದು ಪಾಲು ನಿನ್ನ ಹೆಸರಿಗಿದೆ. ಇಲ್ಲಿ ಸ್ಟ್ಯಾಂಪ್ ಡ್ಯೂಟಿಯಲ್ಲಿ "ಮೊದಲ ಮನೆ" ರಿಯಾಯಿತಿ ಬೇಕಾದರೆ ಪ್ರಪಂಚದಲ್ಲಿ ಎಲ್ಲೂ ಮನೆ ನಿನ್ನದಾಗಿರಬಾರದು, ಪಿತ್ರಾರ್ಜಿತ ಪಾಲೂ ಲೆಕ್ಕಕ್ಕೆ ಬರುತ್ತದೆ. ರಿಯಾಯಿತಿ ಇದ್ದರೆ 2,80,000 ಪೌಂಡಿನ ಫ್ಲ್ಯಾಟಿಗೆ ಡ್ಯೂಟಿ ಸೊನ್ನೆ, ಇಲ್ಲದಿದ್ದರೆ 4,000. ಎರಡನೇ ಮನೆ ಅಂತ ಬೆಲೆಯ ಮೇಲೆ ಹಾಕುವ ಹೆಚ್ಚುವರಿ 5% ಸೇರಿದರೆ 18,000. ನಿನ್ನ ಪಾಲಿನ ಬೆಲೆ 40,000 ಪೌಂಡಿಗಿಂತ ಕಡಿಮೆಯಾದರೆ ಆ 5% ಬೀಳುವುದಿಲ್ಲ. ಅರ್ಧ ಅಥವಾ ಅದಕ್ಕಿಂತ ಕಡಿಮೆ ಪಾಲು ವಾರಸಾಗಿ ಬಂದು ಮೂರು ವರ್ಷ ಆಗಿಲ್ಲದಿದ್ದರೂ ಬೀಳುವುದಿಲ್ಲ. ಕೇಳುವ ಮೊದಲೇ ಸಾಲಿಸಿಟರಿಗೆ ಹೇಳಿಬಿಡು. ಮುಚ್ಚಿಟ್ಟರೆ ತೆರಿಗೆ ಇಲಾಖೆ ಬಡ್ಡಿ, ದಂಡ ಸೇರಿಸಿ ವಸೂಲು ಮಾಡುತ್ತದೆ, ಹೊಣೆ ನಿನ್ನದು.

ಸಾಲಿಸಿಟರ್ ಫ್ಲ್ಯಾಟ್ ನೋಡಲು ಬರುವುದಿಲ್ಲ, ಕಾಗದ ಮಾತ್ರ ನೋಡುತ್ತಾರೆ. ಲೀಸಿನ ನಕ್ಷೆಯಲ್ಲಿ ಕೆಂಪು ಗೆರೆಯೊಳಗೆ ಇರುವುದಷ್ಟೇ ನಿನ್ನದು. ಏಜೆಂಟ್ ತೋರಿಸಿದ ಪಾರ್ಕಿಂಗ್ ಜಾಗದ ನಂಬರು, ಕೆಳಗಿನ ಸಾಮಾನು ಕೋಣೆ, ಬಾಲ್ಕನಿ ಅದರಲ್ಲಿ ಇವೆಯಾ ಅಂತ ನಕ್ಷೆ ಹಿಡಿದು ಅಲ್ಲೇ ನಿಂತು ನೋಡು. ಇಲ್ಲದಿದ್ದರೆ ಅವತ್ತೇ ಬರೆ. ಲೀಸು ಇನ್ನು ಎಷ್ಟು ವರ್ಷ ಉಳಿದಿದೆ (80ಕ್ಕಿಂತ ಕಡಿಮೆಯಾದರೆ ಕೈಬಿಡುವುದೇ ಮೇಲು), ಗ್ರೌಂಡ್ ರೆಂಟ್ (ನೆಲದ ಒಡೆಯರಿಗೆ ಕಟ್ಟುವ ಬಾಡಿಗೆ) ಇದ್ದರೆ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಸರ್ವಿಸ್ ಚಾರ್ಜಿನ (ಕಟ್ಟಡ ನಿರ್ವಹಣೆಯ ವೆಚ್ಚ) ಮೂರು ವರ್ಷದ ಲೆಕ್ಕ, ಮುಂದೆ ದೊಡ್ಡ ದುರಸ್ತಿ ಏನಾದರೂ ಇದೆಯಾ: ಮೊದಲೆರಡು ಲೀಸಿನಲ್ಲೇ ಇರುತ್ತವೆ, ಉಳಿದವು ಕಟ್ಟಡ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕಂಪನಿ ತುಂಬಿಕೊಡುವ ಎಲ್‌ಪಿಇ1 ಅನ್ನುವ ಮಾಹಿತಿ ಕಟ್ಟಿನಲ್ಲಿ ಬರುತ್ತವೆ. ತಡವಾಗುವುದೂ ಸಾಮಾನ್ಯವಾಗಿ ಅಲ್ಲೇ. ದುಡ್ಡು ಕಟ್ಟಿ ಅದನ್ನು ತರಿಸಬೇಕಾದವರು ಮಾರುವವರು. ತರಿಸಿದ್ದಾರಾ ಅಂತ ಮೊದಲ ವಾರದಲ್ಲೇ ಕೇಳಿಸು.

ಒಪ್ಪಂದಕ್ಕೆ ಸಹಿ ಹಾಕಿದ ತಕ್ಷಣ ನೀನು ಕಟ್ಟುಬೀಳುವುದಿಲ್ಲ. ಎರಡೂ ಕಡೆಯ ಸಾಲಿಸಿಟರುಗಳು ಫೋನಿನಲ್ಲಿ ಮಾತಾಡಿ, ತಾರೀಖು ತುಂಬಿ, ಸಮಯ ಬರೆದುಕೊಂಡ ಗಳಿಗೆಯಿಂದ ಕಟ್ಟು. ಅಲ್ಲಿಯವರೆಗೆ ಅನುಮಾನ ಬಂದರೆ ಹಿಂದೆ ಸರಿಯಬಹುದು, ಅವರೂ ಸರಿಯಬಹುದು. ಆಮೇಲೆ ನೀನು ಸರಿದರೆ ಬೆಲೆಯ 10% ಡಿಪಾಸಿಟ್, ಅಂದರೆ 28,000 ಪೌಂಡ್ ಹೋಗುತ್ತದೆ. ಸರ್ಚುಗಳು ಬಂದು, ಸಾಲದ ಪತ್ರ ಕೈಗೆ ಸಿಕ್ಕು, ನೀನು ಕೇಳಿದ ಎಲ್ಲಕ್ಕೂ ಬರಹದಲ್ಲಿ ಉತ್ತರ ಸಿಗುವ ತನಕ ಆ ಫೋನಿಗೆ ಒಪ್ಪಿಗೆ ಕೊಡಬೇಡ. ಏಜೆಂಟ್ ಎಷ್ಟೇ ಅವಸರ ಮಾಡಲಿ. ಕೀಲಿ ತೆಗೆದುಕೊಳ್ಳುವ ದಿನವನ್ನು ಶುಕ್ರವಾರಕ್ಕೆ ಇಟ್ಟುಕೊಳ್ಳಬೇಡ, ಅವತ್ತು ದುಡ್ಡು ತಡವಾದರೆ ಸೋಮವಾರದವರೆಗೆ ಸಾಮಾನಿನ ಸಮೇತ ಬೀದಿಯಲ್ಲಿರಬೇಕು. ಮೋಸದ ಮೇಲ್‌ಗಳು ಹೆಚ್ಚು ಬರುವುದೂ ಶುಕ್ರವಾರ ಮಧ್ಯಾಹ್ನವೇ.

ಅಜ್ಜನ ವಿಲ್ ಪ್ರತಿ ಮತ್ತು ಮನೆಯ ಖಾತೆಯ ನಕಲು ಇದರ ಜೊತೆಗಿವೆ. ಎರಡೂ ಕನ್ನಡದಲ್ಲಿವೆ, ಸಾಲಿಸಿಟರ್ ಅನುವಾದ ಕೇಳಿದರೆ ತಿಳಿಸು, ಮಾಡಿಸಿ ಕಳಿಸುತ್ತೇನೆ. ಯಾರನ್ನು ಇಟ್ಟುಕೊಂಡೆ ಅಂತ ಹೆಸರು ಹೇಳು, ಪಟ್ಟಿಯಲ್ಲಿ ನಾನೂ ಒಮ್ಮೆ ನೋಡುತ್ತೇನೆ.

ಅಮ್ಮ