ಮಿದುಳಿನ ದೊಡ್ಡ ಗಡ್ಡೆಗೂ ಗುರಿಯಿಟ್ಟ ವಿಕಿರಣ ಸಾಧ್ಯ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದ ನಮ್ಮ ತಾಯಿಯವರ ಮಿದುಳಿಗೆ ರೋಗ ಹರಡಿ, ಎಂಆರ್‌ಐಯಲ್ಲಿ ಮೂರೂವರೆ ಸೆಂಟಿಮೀಟರ್‌ನ ಗಡ್ಡೆ ಕಂಡಾಗ, ನಗರದ ಆಸ್ಪತ್ರೆಯೊಂದರಲ್ಲಿ ನಮಗೆ ಸಿಕ್ಕಿದ್ದು ‘ಗಡ್ಡೆ ದೊಡ್ಡದಿದೆ, ಇಡೀ ತಲೆಗೆ ಕರೆಂಟ್ (ವಿಕಿರಣ) ಕೊಡಬೇಕು’ ಎಂಬ ಒಂದೇ ಮಾತು. ಬೇರೆ ದಾರಿಯಿದೆಯೇ ಎಂದು ಕೇಳುವಷ್ಟು ತಿಳಿವಳಿಕೆಯೂ ಆಗ ನಮಗಿರಲಿಲ್ಲ. ಮತ್ತೊಬ್ಬ ವೈದ್ಯರನ್ನು ಕಂಡ ಮೇಲೆ ತಿಳಿದುಕೊಂಡದ್ದನ್ನು ಇತರ ಕುಟುಂಬಗಳಿಗಾಗಿ ಬರೆಯುತ್ತಿದ್ದೇನೆ.

ದೊಡ್ಡ ಗಡ್ಡೆಯ ತೊಡಕು ನಿಜವಾದದ್ದೇ. ಗಡ್ಡೆಯ ಮೇಲಷ್ಟೇ ಕಿರಣಗಳನ್ನು ಕೇಂದ್ರೀಕರಿಸುವ ರೇಡಿಯೋಸರ್ಜರಿಯಲ್ಲಿ, ಗಾತ್ರ ಹೆಚ್ಚಿದಷ್ಟೂ ಸುತ್ತಲಿನ ಮಿದುಳಿಗೆ ತಗಲುವ ವಿಕಿರಣ ಹೆಚ್ಚುತ್ತದೆ. ತಿಂಗಳುಗಳ ನಂತರ ಅಲ್ಲಿನ ಅಂಗಾಂಶ ಸತ್ತು ಊತ ಬರಬಹುದು. ಒಂದೇ ಬಾರಿಗೆ ಕೊಡುವುದಾದರೆ 2 ಸೆಂ.ಮೀ.ವರೆಗಿನ ಗಡ್ಡೆಗೆ 24 ಗ್ರೇ (ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ), 3ರಿಂದ 4 ಸೆಂ.ಮೀ. ಗಡ್ಡೆಗೆ 15 ಗ್ರೇ ಮಾತ್ರ ಎಂಬ ಮಿತಿಯನ್ನು 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಮುಂದಿಟ್ಟಿತ್ತು. ಅಷ್ಟು ಕಡಿಮೆ ಕೊಟ್ಟರೆ ದೊಡ್ಡ ಗಡ್ಡೆ ಮತ್ತೆ ಬೆಳೆಯುವ ಸಂಭವ ಹೆಚ್ಚು. ಈ ಇಕ್ಕಟ್ಟಿಗೆ ವೈದ್ಯರು ಕಂಡುಕೊಂಡ ದಾರಿಯೇ ಕಂತುಗಳಲ್ಲಿ ಕೊಡುವುದು: ಮೂರು ಸಲಕ್ಕೆ ಒಟ್ಟು 27 ಗ್ರೇ, ಇಲ್ಲವೇ ಐದು ಸಲಕ್ಕೆ 30 ಗ್ರೇ. ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಕೋಶಗಳು ಚೇತರಿಸಿಕೊಳ್ಳುತ್ತವೆ. ಗಡ್ಡೆಯ ಒತ್ತಡದಿಂದ ಪ್ರಾಣಕ್ಕೇ ಅಪಾಯವಿದ್ದರೆ ಮೊದಲು ಶಸ್ತ್ರಚಿಕಿತ್ಸೆ, ನಂತರ ಗಡ್ಡೆ ತೆಗೆದ ಜಾಗದಲ್ಲಿ ಉಳಿದ ಕುಳಿಗೆ ವಿಕಿರಣ.

ಇಡೀ ತಲೆಗೆ ವಿಕಿರಣ ಕೊಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಗಡ್ಡೆಗಳು ಬಹಳವಿದ್ದಾಗ, ರೋಗ ಮಿದುಳಿನ ಪೊರೆಗೆ ಹರಡಿದಾಗ ಅದು ಬೇಕಾಗಬಹುದು. ಆದರೆ ಅದರಿಂದ ನೆನಪು, ಯೋಚನಾಶಕ್ತಿ ಕುಂದುವ ಸಾಧ್ಯತೆ ಹೆಚ್ಚೆಂಬುದನ್ನು ಯಾರೂ ನಮಗೆ ಮೊದಲೇ ಹೇಳಲಿಲ್ಲ. ನನಗೆ ಇಂದಿಗೂ ನೋವಾಗುವುದು ಇದಕ್ಕೇ. ತಾಯಿಯವರಿಗೆ ಕೊನೆಗೆ ಐದು ಕಂತುಗಳ ಚಿಕಿತ್ಸೆ ಆಯಿತು. ಮನೆಯ ಹಾಲಿನ ಲೆಕ್ಕವನ್ನು ಈಗಲೂ ಅವರೇ ಬರೆಯುತ್ತಾರೆ.

ರೇಡಿಯೋಸರ್ಜರಿಯ ಯಂತ್ರವಾದ ಗಾಮಾ ನೈಫ್ ಇರುವ ನಿಮ್ಹಾನ್ಸ್, ಕ್ಯಾನ್ಸರ್‌ಗೇ ಮೀಸಲಾದ ಕಿದ್ವಾಯಿ ಎರಡೂ ಹತ್ತಿರ ಹತ್ತಿರದಲ್ಲೇ ಇರುವ ಊರು ಬೆಂಗಳೂರು. ಇಲ್ಲಿನ ಎಲ್ಲ ಆಸ್ಪತ್ರೆಗಳಲ್ಲಿ ನರಶಸ್ತ್ರಚಿಕಿತ್ಸಕರು ಮತ್ತು ವಿಕಿರಣ ತಜ್ಞರು ಒಟ್ಟಿಗೆ ಕುಳಿತು ಎಂಆರ್‌ಐ ನೋಡಿ, ಗಡ್ಡೆಗಳ ಸಂಖ್ಯೆ, ಗಾತ್ರ, ಇರುವ ದಾರಿಗಳು, ಒಂದೊಂದರ ಅಪಾಯ ಇವಿಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡುವಂತೆ ಆರೋಗ್ಯ ಇಲಾಖೆ ಸೂಚಿಸಬೇಕೆಂದು ವಿನಂತಿಸುತ್ತೇನೆ. ಇಂಥ ಗಡ್ಡೆ ಕೆಲವೇ ವಾರಗಳಲ್ಲಿ ಬೆಳೆಯಬಲ್ಲದಾದ್ದರಿಂದ, ಆ ಹಾಳೆ ಎಂಆರ್‌ಐ ವರದಿಯ ಜೊತೆಯಲ್ಲೇ ಕೈಸೇರಬೇಕು.

– ರೋಗಿಯೊಬ್ಬರ ಮಗಳು, ಬಸವನಗುಡಿ, ಬೆಂಗಳೂರು