ಜೇಮ್ಸ್‌ಗೆ ಮಾತ್ರ ಕುರ್ಚಿ ಇಲ್ಲ

ಪ್ರೀತಿಯ ಚಟ್ನಿಪುಡಿ,

ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದುವ ಜಾಗದಲ್ಲಿ ಬರೆದರೆ ಉತ್ತರ ಕೊಡದೆ ತಪ್ಪಿಸಿಕೊಳ್ಳೋಕೆ ಆಗಲ್ಲ ಅನ್ನೋ ದುರಾಸೆಯೂ ಇದೆ.

ಇಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ದೊಡ್ಡ ರೈಲು ನಿಲ್ದಾಣದ ಹತ್ತಿರ ಬೇಸೆನ್‌ಬಿಂಡರ್‌ಹೋಫ್ ಅಂತ ಒಂದು ಬೀದಿ. ಹೆಸರು ಹೇಳುವಷ್ಟರಲ್ಲಿ ರೈಲು ಹೋಗಿರುತ್ತೆ. 1963ರಲ್ಲಿ ಅಲ್ಲಿನ ಥಿಯೇಟರಿನಲ್ಲಿ ಜನರನ್ನು ಕೂರಿಸಿಕೊಂಡು ಜರ್ಮನ್ ಟೀವಿಯವರು ಒಂದು ಇಂಗ್ಲಿಷ್ ಪ್ರಹಸನ ರೆಕಾರ್ಡ್ ಮಾಡಿದರು. 'ಡಿನ್ನರ್ ಫಾರ್ ಒನ್'. ಕಪ್ಪು ಬಿಳುಪು, ಹದಿನೆಂಟು ನಿಮಿಷ. ಡಿಸೆಂಬರ್ 31ರ ಸಂಜೆ ಜರ್ಮನಿಯಲ್ಲಿ ಪಟಾಕಿ ಇಲ್ಲದಿದ್ದರೂ ನಡೆದೀತು, ಇದು ಇಲ್ಲದೆ ನಡೆಯಲ್ಲ.

ಕಥೆ ಅಂದರೆ ಇಷ್ಟೇ. ಮಿಸ್ ಸೋಫಿಗೆ ತೊಂಬತ್ತನೇ ಹುಟ್ಟುಹಬ್ಬ. ಎಂದಿನಂತೆ ನಾಲ್ವರು ಗೆಳೆಯರಿಗೆ ಊಟದ ಕರೆ. ನಾಲ್ವರೂ ತೀರಿಕೊಂಡು ಯಾವ ಕಾಲವೋ ಆಗಿದೆ. ಆದರೂ ಕುರ್ಚಿ ಹಾಕಿದೆ, ತಟ್ಟೆ ಇಟ್ಟಿದೆ. ಬಟ್ಲರ್ ಜೇಮ್ಸ್ ನಾಲ್ವರಿಗೂ ಬಡಿಸಬೇಕು, ನಾಲ್ವರ ಪಾಲನ್ನೂ ತಾನೇ ಕುಡಿಯಬೇಕು, ಅವರವರ ದನಿಯಲ್ಲಿ ಶುಭಾಶಯವನ್ನೂ ಹೇಳಬೇಕು. ಮೊದಲಿಗೆ ಮುಲ್ಲಿಗಟಾನಿ ಸೂಪು (ನಮ್ಮ ಮೆಣಸಿನ ಸಾರೇ ಕೋಟು ಹಾಕಿಕೊಂಡು ಬಂದಂತೆ), ಜೊತೆಗೆ ಶೆರಿ ಅನ್ನೋ ವೈನು. ಆಮೇಲೆ ಮೀನು, ಕೋಳಿ, ಹಣ್ಣು. ಪ್ರತಿಯೊಂದಕ್ಕೂ ಬೇರೆ ಪಾನೀಯ. ನಾಲ್ಕು ನಾಲ್ಕಲಿ ಹದಿನಾರು ಗ್ಲಾಸು. ಕೊನೆಗೆ ಹೂದಾನಿಯ ನೀರನ್ನೂ ಬಿಡಲ್ಲ. ನೆಲದ ಮೇಲೆ ಹುಲಿಚರ್ಮ, ಅದರ ತಲೆಗೆ ಎಡವುತ್ತಲೇ ಇರುತ್ತಾನೆ. ಒಮ್ಮೆ ಎಡವದೆ ದಾಟಿಬಿಡುತ್ತಾನೆ. ಆಗ ಅವನು ತಿರುಗಿ ನೋಡೋ ನೋಟ ಇದೆಯಲ್ಲ, ಆ ಒಂದು ನೋಟಕ್ಕೆ ನಮ್ಮ ಕಾಲೇಜು ನಾಟಕಗಳನ್ನೆಲ್ಲ ನಿವಾಳಿಸಿ ಎಸೀಬೇಕು. ನಿನ್ನ ಅಶ್ವತ್ಥಾಮನನ್ನೂ ಸೇರಿಸಿ.

ಬರೆದವನು ಲಾರಿ ವೈಲಿ. ಜೇಮ್ಸ್ ಆದವನು ಫ್ರೆಡ್ಡಿ ಫ್ರಿಂಟನ್, ಗ್ರಿಮ್ಸ್‌ಬಿ ಊರಿನವನು. ಇಂಗ್ಲೆಂಡಿನ ಕಡಲತೀರದ ಊರುಗಳಲ್ಲಿ ವರ್ಷಗಟ್ಟಲೆ ಇದನ್ನೇ ಆಡಿಕೊಂಡಿದ್ದ. 1962ರಲ್ಲಿ ಪೀಟರ್ ಫ್ರಾಂಕೆನ್‌ಫೆಲ್ಡ್ ಅನ್ನೋ ಜರ್ಮನ್ ಟೀವಿ ನಿರೂಪಕ ಬ್ಲ್ಯಾಕ್‌ಪೂಲ್‌ನಲ್ಲಿ ನೋಡಿ ಇಲ್ಲಿಗೆ ಕರೆಸಿದ. ಸೋಫಿ ಪಾತ್ರದ ಮೇ ವಾರ್ಡನ್ ಕೂಡ ಬಂದಳು. ಆಟ ಇಂಗ್ಲಿಷಿನಲ್ಲೇ ನಡೆಯಿತು. ಶುರುವಿನಲ್ಲಿ ಒಬ್ಬ ಜರ್ಮನ್‌ನಲ್ಲಿ ಕಥೆ ಹೇಳಿ ಹೋಗುತ್ತಾನೆ, ಅಷ್ಟೇ. ವರ್ಷದ ಕೊನೆಯ ರಾತ್ರಿಗೆ ಇದು ಕಾಯಂ ಆಗಿದ್ದು 1972ರಿಂದ. ಫ್ರಿಂಟನ್ 1968ರಲ್ಲೇ ತೀರಿಕೊಂಡಿದ್ದ. ನಾರ್ವೆಯಲ್ಲಿ ಡಿಸೆಂಬರ್ 23ಕ್ಕೆ ಹಾಕ್ತಾರೆ. ಕುಡಿತ ಜಾಸ್ತಿ ಆಯ್ತು ಅಂತ ಸ್ವೀಡನ್ನಿನವರು ಕೆಲವು ವರ್ಷ ಬದಿಗಿಟ್ಟಿದ್ದರಂತೆ, ಆಮೇಲೆ ಅವರೂ ಸೋತರು. ಬ್ರಿಟನ್ನಿನ ಟೀವಿಯಲ್ಲಿ ಇಡಿಯಾಗಿ ಬರೋಕೆ 2018 ಆಗಬೇಕಾಯಿತು. ತವರಿನಲ್ಲಿ ಕೇಳೋರಿಲ್ಲ, ಪರದೇಶದಲ್ಲಿ ಹಬ್ಬ!

ಈ ಸಲ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ನೋಡಿದೆ. "ಹೋದ ವರ್ಷದ ಹಾಗೇನಾ, ಮಿಸ್ ಸೋಫಿ?" "ಪ್ರತಿ ವರ್ಷದ ಹಾಗೇ, ಜೇಮ್ಸ್." ಟೀವಿಗಿಂತ ಮೊದಲು ಮಕ್ಕಳೇ ಹೇಳಿ ಮುಗಿಸುತ್ತಾರೆ. ನಾನೂ ಹೇಳಿದೆ. ಹೇಳುತ್ತಾ ಇದ್ದಾಗ ಕಣ್ಣು ಮೇಜಿನ ಕಡೆ ಹೋಯಿತು. ಸತ್ತವರಿಗೆಲ್ಲ ಕುರ್ಚಿ ಇದೆ. ಬದುಕಿರೋ ಜೇಮ್ಸ್‌ಗೆ ಇಲ್ಲ. ನಾಲ್ಕು ದನಿ ತೆಗೆಯುತ್ತಾನೆ, ಅವನದ್ದೇ ಮಾತು ಅನ್ನೋದು ತೀರಾ ಕಡಿಮೆ.

ಆಗ ನಮ್ಮ ಭಾನುವಾರದ ಫೋನು ನೆನಪಾಯಿತು ಕಣೋ. ನೀನು "ಊಟ ಆಯ್ತಾ" ಅಂತೀಯ. ನಾನು ನಿನ್ನ ಮಂಡಿ ನೋವು ಕೇಳ್ತೀನಿ. ನೀನು ನಮ್ಮ ಹಾಸ್ಟೆಲ್ ವಾರ್ಡನ್ ಕಥೆ ತೆಗೀತೀಯ. ನಾನು ನಗಬೇಕಾದ ಜಾಗದಲ್ಲಿ ನಗ್ತೀನಿ. ರೂಮಿನ ಉಳಿದ ಮೂವರ ದನಿಯನ್ನೂ ನಾನೇ ತೆಗೀತೀನಿ, ಮಿಮಿಕ್ರಿ ನನಗೆ ಬರುತ್ತೆ ಅಂತ. ಮೂವರೂ ಚೆನ್ನಾಗಿಯೇ ಇದ್ದಾರೆ. ಒಬ್ಬ ದುಬೈ, ಒಬ್ಬ ಅಲ್ಲೇ ತುಮಕೂರು, ಇನ್ನೊಬ್ಬ ನಮ್ಮ ಗುಂಡೂರಾಯ.

ಗುಂಡೂರಾಯ ನಿನ್ನ ಕೇಳಿದ ಅಂತ ಹೇಳ್ತಿದ್ದೆನಲ್ಲ? ಅವನು ಕೇಳಿರಲಿಲ್ಲ. ಅವನು ನನ್ನ ಫೋನೂ ಎತ್ತಲ್ಲ, ಎಷ್ಟೋ ಕಾಲವಾಯಿತು. ಮಗಳ ಹಾಡು, ಹೊಸ ಬೈಕು, "ಆ ಚಟ್ನಿಪುಡಿಗೆ ಹೇಳು, ಬೈದೆ ಅಂತ" ಎಲ್ಲಾ ನಾನೇ ಕಟ್ಟಿದ್ದು. ಮೊದಲ ಸಲ ಸುಮ್ನೆ ಹೇಳಿದೆ. ನಿನ್ನ ದನಿ ಅರಳಿತು. ಆಮೇಲೆ ನಿಲ್ಲಿಸೋಕೆ ಆಗಲಿಲ್ಲ. ನಿನಗೋಸ್ಕರ ಹೇಳ್ತಿದ್ದೀನಿ ಅಂದುಕೊಂಡಿದ್ದೆ. ಈಗ ಅನ್ನಿಸುತ್ತೆ, ಅವನು ನಮ್ಮನ್ನು ಬಿಟ್ಟ ಅಂತ ನಿನ್ನ ಬಾಯಲ್ಲಿ ಕೇಳೋ ಧೈರ್ಯ ನನಗೇ ಇರಲಿಲ್ಲ. ಅವನು ಬಿಡಬಹುದಾದರೆ ನೀನೂ ಬಿಡಬಹುದು ಅಲ್ವಾ.

ಸೋಫಿಗೆ ಗೊತ್ತಿರಲ್ವಾ, ಸತ್ತ ಗೆಳೆಯರಲ್ಲೊಬ್ಬನಾದ ಅಡ್ಮಿರಲ್‌ನ ಬಾಯಲ್ಲಿ ಮಾತಾಡ್ತಿರೋದು ಜೇಮ್ಸ್ ಅಂತ? ಗೊತ್ತಿದ್ದೂ ಗ್ಲಾಸು ಎತ್ತುತ್ತಾಳೆ. ನೀನೂ ಗೊತ್ತಿದ್ದೇ "ಏನಂದ ಅವನು?" ಅಂತ ಕೇಳ್ತಿದ್ದೆಯಾ? ಬೈಕಿನ ಬಣ್ಣ ಒಂದು ವಾರ ಕೆಂಪು, ಇನ್ನೊಂದು ವಾರ ನೀಲಿ ಆಗಿತ್ತು. ನೀನು ಒಂದು ಮಾತೂ ಕೇಳಲಿಲ್ಲ. ಅದೇ ಈಗ ನನಗೆ ನಿದ್ದೆ ಬರದ ವಿಷಯ.

ಇರಲಿ, ಜಾಸ್ತಿ ಆಯ್ತು. ಓದುತ್ತಿರೋ ಮಹಾಜನರು ಕಣ್ಣೊರೆಸಿಕೊಂಡು ಮುಂದೆ ಹೋಗಬಹುದು. ಜೇಮ್ಸ್‌ಗೆ ಹದಿನಾರು ಗ್ಲಾಸು ಬೇಕಾಯಿತು, ನಾನು ಬರೀ ಫಿಲ್ಟರ್ ಕಾಫಿ ಕುಡಿದು ಇಷ್ಟು ಪಾತ್ರ ಮಾಡಿದ್ದೀನಿ. ಇಲ್ಲಿನ ಕನ್ನಡದವರು ಕರೆದು ಒಂದು ಶಾಲು ಹೊದಿಸಲಿ.

ಭಾನುವಾರ ಫೋನ್ ಮಾಡು. ವಾರ್ಡನ್ ಕಥೆಯನ್ನೇ ಹೇಳು, ಪರವಾಗಿಲ್ಲ. ಅದರಲ್ಲಿ ಬರೋ ಹಲ್ಲಿಯ ಉದ್ದ ಮಾತ್ರ ಇನ್ನು ಬೆಳೆಸಬೇಡ ಮಾರಾಯ, ಎರಡು ಅಡಿಗೆ ನಿಲ್ಲಿಸು.

ನಿನ್ನ,
ಅರ್ಧ ಟಿಕೆಟ್